ಹೊಕ್ಕುಳಿನ ನಳಿಕೆ ಮತ್ತು ತಾಯಿ ಕೇಳಬೇಕಾದ ಪ್ರಶ್ನೆ

ಏಳನೇ ತಿಂಗಳಲ್ಲೋ ಎಂಟನೇ ತಿಂಗಳಲ್ಲೋ ಹೆರಿಗೆಯಾಯಿತು, ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂಬ ಸುದ್ದಿ ಬಂದರೆ ಸಾಕು, ಇಡೀ ಮನೆ ಮಂಕಾಗುತ್ತದೆ. ನೋಡಲು ಹೋದವರ ಕಣ್ಣಿಗೆ ಮಗುವಿನ ಮುಖಕ್ಕಿಂತ ಮೊದಲು ಬೀಳುವುದು ನಳಿಕೆಗಳು. ಮೂಗಿಗೊಂದು, ಕೈಗೊಂದು, ಹೊಕ್ಕುಳಿಗೊಂದು. ಅವರು ಮನೆಗೆ ಮರಳಿ ಹೇಳುವುದೂ ಅದನ್ನೇ. "ಹೊಕ್ಕುಳಿಗೂ ಪೈಪು ಹಾಕಿದ್ದಾರೆ, ಮಗು ಉಳಿಯುವುದು ಕಷ್ಟ" ಎಂಬ ಮಾತು ಸಂಜೆಯೊಳಗೆ ಕುಟುಂಬದ ಎಲ್ಲರನ್ನೂ ತಲುಪುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಎರಡು ರೀತಿಯ ಜನರನ್ನು ಕಾಣುತ್ತೇವೆ. "ಅಂಗೈಯಷ್ಟಿರುವ ಮಗುವಿಗೆ ಇಷ್ಟೆಲ್ಲ ಚುಚ್ಚುವುದು ಬೇಡ, ಬರೆದುಕೊಟ್ಟು ಮನೆಗೆ ಕರೆದುಕೊಂಡು ಹೋಗೋಣ" ಎನ್ನುವವರು ಕೆಲವರು. "ಡಾಕ್ಟರಿಗೆ ಎಲ್ಲ ಗೊತ್ತಿರುತ್ತದೆ, ನಾವೇನು ಕೇಳುವುದು" ಎಂದು ತೋರಿಸಿದ ಕಡೆ ಸಹಿ ಹಾಕಿ ಸುಮ್ಮನಾಗುವವರು ಇನ್ನು ಕೆಲವರು. ಮೊದಲನೆಯವರ ಭಯದಿಂದ ಮಗು ಚಿಕಿತ್ಸೆಯನ್ನು ಕಳೆದುಕೊಳ್ಳುತ್ತದೆ. ಎರಡನೆಯವರ ಮೌನದಿಂದ ಮಗು ಒಬ್ಬ ಕಾವಲುಗಾರನನ್ನು ಕಳೆದುಕೊಳ್ಳುತ್ತದೆ. ಈ ನಳಿಕೆ ಯಾಕೆ, ಅದರಿಂದ ಏನೇನು ತೊಂದರೆ ಆಗಬಹುದು, ಅದರಲ್ಲಿ ನಮ್ಮ ಪಾಲಿನ ಕೆಲಸವೇನು ಎಂಬುದನ್ನು ತಿಳಿದುಕೊಂಡರೆ ಈ ಎರಡೂ ತಪ್ಪುಗಳಿಂದ ದೂರ ಉಳಿಯಬಹುದು.

ಮೊದಲಿಗೆ ಒಂದು ಸ್ಪಷ್ಟನೆ. ತೀವ್ರ ನಿಗಾ ಘಟಕದಲ್ಲಿರುವ ಮಗುವಿನ ಮೈಮೇಲಿನ ನಳಿಕೆಗಳೆಲ್ಲ ಒಂದೇ ಅಲ್ಲ. ಮೂಗಿನಿಂದಲೋ ಬಾಯಿಯಿಂದಲೋ ಹೊಟ್ಟೆಗೆ ಇಳಿಯುವುದು ಹಾಲು ಕೊಡುವ ನಳಿಕೆ. ಬಾಯಿಯಿಂದ ಶ್ವಾಸನಾಳಕ್ಕೆ ಇಳಿಯುವುದು ಉಸಿರಾಟದ ನಳಿಕೆ. ನಾವು ಇಲ್ಲಿ ಮಾತನಾಡುತ್ತಿರುವುದು ರಕ್ತನಾಳದೊಳಗೆ ಸೇರಿಸುವ ತೆಳುವಾದ, ಮೃದುವಾದ ನಳಿಕೆಯ ಬಗ್ಗೆ. ಇದಕ್ಕೆ ಕ್ಯಾಥೆಟರ್ ಎನ್ನುತ್ತಾರೆ. ನರ್ಸ್‌ಗಳು 'ಲೈನ್' ಎಂದು ಕರೆಯುತ್ತಾರೆ.

ಯಾಕೆ ಬೇಕು ಇದು? ಗರ್ಭದಲ್ಲಿ ಸುಮಾರು 34 ವಾರ ತುಂಬುವ ತನಕ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡಲು ಸರಿಯಾಗಿ ಬರುವುದಿಲ್ಲ. ಒಂದು ಕಿಲೋ ತೂಕದ ಮಗುವಿನ ಕರುಳು ಕೂಡ ಮೊದಲ ದಿನವೇ ಬೇಕಾದಷ್ಟು ಹಾಲನ್ನು ಅರಗಿಸಿಕೊಳ್ಳಲಾರದು. ಆದ್ದರಿಂದ ಸಕ್ಕರೆ, ಪ್ರೋಟೀನ್, ಕೊಬ್ಬು, ಲವಣಗಳನ್ನು ನೇರವಾಗಿ ರಕ್ತಕ್ಕೆ ಕೊಡಬೇಕಾಗುತ್ತದೆ. ಕೈಯ ನೂಲಿನಂಥ ನಾಳಕ್ಕೆ ಚುಚ್ಚಿದ ಸೂಜಿ ಹೆಚ್ಚು ದಿನ ನಿಲ್ಲುವುದಿಲ್ಲ. ಗಾಢವಾದ ಪೋಷಕ ದ್ರವವು ಆ ಸಣ್ಣ ನಾಳವನ್ನೂ ಸುತ್ತಲಿನ ಚರ್ಮವನ್ನೂ ಸುಟ್ಟುಬಿಡುತ್ತದೆ. ಹೃದಯದ ಸಮೀಪದ ದೊಡ್ಡ ನಾಳಕ್ಕೆ ತಲುಪಿದರೆ ಅಲ್ಲಿ ಹರಿಯುವ ಹೆಚ್ಚಿನ ರಕ್ತದಲ್ಲಿ ಅದು ಕೂಡಲೇ ಬೆರೆತು ತೆಳುವಾಗುತ್ತದೆ.

ಅಲ್ಲಿಗೆ ತಲುಪಲು ನವಜಾತ ಶಿಶುವಿನಲ್ಲಿ ಅಲ್ಲಾಹನು ಒಂದು ಬಾಗಿಲನ್ನು ತೆರೆದಿಟ್ಟಿದ್ದಾನೆ. ಅದೇ ಹೊಕ್ಕುಳು. ಹೊಕ್ಕುಳಬಳ್ಳಿಯಲ್ಲಿ ಸಾಮಾನ್ಯವಾಗಿ ಮೂರು ರಕ್ತನಾಳಗಳಿರುತ್ತವೆ: ಎರಡು ಅಪಧಮನಿಗಳು, ಒಂದು ಅಭಿಧಮನಿ. ಜನಿಸಿದ ಬಳಿಕ ಕೆಲವು ದಿನ ಮಾತ್ರ ಇವುಗಳೊಳಗೆ ನಳಿಕೆ ಸೇರಿಸಲು ಸಾಧ್ಯ. ಅಭಿಧಮನಿಯ ಮೂಲಕ ಹೋಗುವ ನಳಿಕೆ ಯಕೃತ್ತಿನ ಬಳಿ ಸಾಗಿ ಹೃದಯದ ಬಾಗಿಲಿಗೆ ತಲುಪುತ್ತದೆ. ಪೋಷಕ ದ್ರವ ಮತ್ತು ಔಷಧಿ ಕೊಡುವುದು ಇದರಲ್ಲಿ. ಅಪಧಮನಿಯ ನಳಿಕೆ ಮೊದಲು ಕೆಳಗೆ ಸೊಂಟದ ಕಡೆ ಇಳಿದು, ಬಳಿಕ ಮೇಲಕ್ಕೆ ತಿರುಗಿ, ದೇಹದ ಅತಿ ದೊಡ್ಡ ಅಪಧಮನಿಯನ್ನು ಸೇರುತ್ತದೆ. ರಕ್ತದೊತ್ತಡ ನೋಡಲು, ಮಗುವನ್ನು ಮತ್ತೆ ಮತ್ತೆ ಚುಚ್ಚದೆ ಪರೀಕ್ಷೆಗೆ ರಕ್ತ ತೆಗೆಯಲು ಇದು ಉಪಯುಕ್ತ. ಹೆಚ್ಚು ದಿನ ಬೇಕಾದರೆ ಕೈ ಅಥವಾ ಕಾಲಿನ ನಾಳದಿಂದ ಕೂದಲಿನಂಥ ಇನ್ನೊಂದು ಉದ್ದ ನಳಿಕೆಯನ್ನು ಹೃದಯದ ಹತ್ತಿರದ ವರೆಗೆ ಒಯ್ಯುತ್ತಾರೆ. ಇದಕ್ಕೆ ಪಿಕ್ ಲೈನ್ ಎಂದು ಹೆಸರು. ಅದರ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ.

"ಹೊಕ್ಕುಳಿಗೆ ಚುಚ್ಚುವಾಗ ಮಗು ಎಷ್ಟು ನೋವು ತಿಂದಿತೋ" ಎಂದು ಅಜ್ಜಿಯಂದಿರು ಕಣ್ಣೀರು ಹಾಕುವುದುಂಟು. ಹೊಕ್ಕುಳಬಳ್ಳಿಯಲ್ಲಿ ನೋವು ತಿಳಿಸುವ ನರಗಳಿಲ್ಲ. ಹೆರಿಗೆಯ ಕೋಣೆಯಲ್ಲಿ ಬಳ್ಳಿ ಕತ್ತರಿಸುವಾಗ ಮಗುವಿಗೆ ನೋವಾಗದಿರುವುದು ಇದೇ ಕಾರಣಕ್ಕೆ. ಈ ದಾರಿಯಿಂದ ಪ್ರಾಣ ಉಳಿಸುವ ಕ್ರಮ ಹೊಸದೂ ಅಲ್ಲ. ತಾಯಿ ಮತ್ತು ಮಗುವಿನ ರಕ್ತದ ಆರ್‌ಎಚ್ ಅಂಶ ಹೊಂದದೆ ತೀವ್ರ ಕಾಮಾಲೆಯಿಂದ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ, 1940ರ ದಶಕದ ಕೊನೆಯಲ್ಲಿ, ಅಮೆರಿಕದ ಬೋಸ್ಟನ್ನಿನ ಡಾ. ಲೂಯಿಸ್ ಡೈಮಂಡ್ ಹೊಕ್ಕುಳಿನ ಅಭಿಧಮನಿಗೆ ನಳಿಕೆ ಸೇರಿಸಿ ಮಗುವಿನ ರಕ್ತವನ್ನೇ ಬದಲಾಯಿಸುವ ವಿಧಾನವನ್ನು ರೂಢಿಗೆ ತಂದರು. ಅಂದಿನಿಂದ ಈ ನಳಿಕೆಯಿಂದ ಬದುಕಿದ ಮಕ್ಕಳು ಲೆಕ್ಕವಿಲ್ಲದಷ್ಟು.

ಆದರೆ ಉಪಕಾರ ಮಾಡುವ ವಸ್ತುವಿನಿಂದ ಅಪಕಾರ ಆಗಬಾರದೆಂದೇನೂ ಇಲ್ಲ. ಹೃದಯದ ಬಳಿಗೆ ಹೋಗುವ ನಳಿಕೆಯ ತೊಂದರೆಗಳನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ.

ಮೊದಲನೆಯದು, ತುದಿ ಸರಿಯಾದ ಜಾಗದಲ್ಲಿ ಇಲ್ಲದಿರುವುದು. ನಳಿಕೆ ದಾರಿ ತಪ್ಪಿ ಯಕೃತ್ತಿನೊಳಗೆ ತಿರುಗಬಹುದು. ಅದನ್ನು ಗಮನಿಸದೆ ಪೋಷಕ ದ್ರವ ಬಿಟ್ಟರೆ ಯಕೃತ್ತಿಗೆ ಗಾಯವಾಗುತ್ತದೆ. ಹೆಚ್ಚು ಒಳಗೆ ಹೋದರೆ ಹೃದಯದ ಬಡಿತದ ಲಯ ತಪ್ಪಬಹುದು. ಅಪರೂಪಕ್ಕೆ ತುದಿಯು ಹೃದಯದ ಗೋಡೆಯನ್ನು ಕೊರೆದು, ದ್ರವವು ಹೃದಯವನ್ನು ಸುತ್ತುವರಿದ ಪೊರೆಯೊಳಗೆ ತುಂಬಿ, ಹೃದಯವನ್ನೇ ಅದುಮಿಬಿಡುತ್ತದೆ. ಬ್ರಿಟನ್ನಿನಲ್ಲಿ ಹೀಗೆ ನಾಲ್ಕು ನವಜಾತ ಶಿಶುಗಳು ಮೃತಪಟ್ಟಾಗ ಅಲ್ಲಿನ ಆರೋಗ್ಯ ಇಲಾಖೆ ವಿಚಾರಣೆ ನಡೆಸಿ 2001ರಲ್ಲಿ ವರದಿ ಪ್ರಕಟಿಸಿತು. ನಳಿಕೆಯ ತುದಿ ಹೃದಯದ ಕೋಣೆಯೊಳಗೆ ಇರಬಾರದು, ಹೊರಗೇ ಇರಬೇಕು ಎಂಬ ಎಚ್ಚರಿಕೆಗೆ ಆ ವರದಿಯ ನಂತರ ಹೆಚ್ಚಿನ ಒತ್ತು ಬಂತು. ನಳಿಕೆ ಹಾಕಿದ ಮೇಲೆ ಎಕ್ಸ್‌ರೇ ತೆಗೆಯುವುದು, ಅನುಕೂಲವಿದ್ದಲ್ಲಿ ಅಲ್ಟ್ರಾಸೌಂಡ್ ಮಾಡುವುದು ಇದಕ್ಕಾಗಿ. "ಇಷ್ಟು ಸಣ್ಣ ಮಗುವಿಗೆ ಮತ್ತೆ ಎಕ್ಸ್‌ರೇ ಯಾಕೆ, ಬಿಲ್ಲು ಏರಿಸಲಿಕ್ಕಾ?" ಎಂದು ಜಗಳ ತೆಗೆಯುವ ಮುನ್ನ ಇದನ್ನು ನೆನಪಿಡಬೇಕು.

ಎರಡನೆಯದು, ರಕ್ತ ಸಂಚಾರಕ್ಕೆ ಅಡ್ಡಿ. ಮುಖ್ಯವಾಗಿ ಅಪಧಮನಿಯ ನಳಿಕೆಯಿಂದ ನಾಳ ಬಿಗಿದುಕೊಳ್ಳಬಹುದು ಅಥವಾ ರಕ್ತ ಹೆಪ್ಪುಗಟ್ಟಬಹುದು. ಆಗ ಮಗುವಿನ ಕಾಲ್ಬೆರಳು, ಪಾದ ಅಥವಾ ಕುಂಡೆ ಬಿಳಿಚಿಕೊಳ್ಳುತ್ತದೆ, ಇಲ್ಲವೇ ನೀಲಿ ಬಣ್ಣಕ್ಕೆ ತಿರುಗುತ್ತದೆ. ಬೇಗ ಕಂಡುಹಿಡಿದರೆ ಹೆಚ್ಚಾಗಿ ಸರಿಹೋಗುತ್ತದೆ. ತಡವಾದರೆ ಬೆರಳು ಕಳೆದುಕೊಳ್ಳುವ ಸಂದರ್ಭವೂ ಬರಬಹುದು. ನರ್ಸ್‌ಗಳು ಮಗುವಿನ ಪಾದಗಳನ್ನು ಮತ್ತೆ ಮತ್ತೆ ನೋಡುವುದು ಈ ಕಾರಣಕ್ಕೆ. ನಾವು ಪ್ರೀತಿಯಿಂದ ತಂದ ಉಣ್ಣೆಯ ಕಾಲುಚೀಲವನ್ನು ತೊಡಿಸುವ ಮುನ್ನ ಅವರನ್ನು ಕೇಳುವುದು ಒಳ್ಳೆಯದು.

ಮೂರನೆಯದು, ರಕ್ತಸ್ರಾವ. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಹೆಚ್ಚೆಂದರೆ 80ರಿಂದ 100 ಮಿಲಿಲೀಟರ್. ಅಂದರೆ ಒಂದು ಸಣ್ಣ ಚಹಾ ಲೋಟದಷ್ಟು. ನಳಿಕೆಯ ಜೋಡಣೆ ಸಡಿಲಗೊಂಡು ಎರಡು ಚಮಚ ರಕ್ತ ಹೊರಗೆ ಹೋದರೂ ಅದು ಆ ಮಗುವಿಗೆ ದೊಡ್ಡ ನಷ್ಟ. ಬಟ್ಟೆಯ ಮೇಲೆ ರಕ್ತದ ಕಲೆ ಕಂಡರೆ "ಆಮೇಲೆ ಹೇಳೋಣ" ಎನ್ನುವಂತಿಲ್ಲ.

ನಾಲ್ಕನೆಯದು, ಹೆಚ್ಚಾಗಿ ಕಾಡುವುದು, ಸೋಂಕು. ತಾಯಿಯಿಂದ ಮಗುವಿಗೆ ರೋಗನಿರೋಧಕ ಅಂಶಗಳು ಹೆಚ್ಚಾಗಿ ಹರಿದು ಬರುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಅವಧಿಗೆ ಮುನ್ನ ಹುಟ್ಟಿದ ಮಗು ಆ ಬುತ್ತಿಯನ್ನು ಪೂರ್ತಿ ಕಟ್ಟಿಕೊಳ್ಳದೆ ಬಂದಿರುತ್ತದೆ. ಅದರ ಚರ್ಮವೂ ತೆಳು. ಅಂಥ ಮೈಯೊಳಗೆ ಹೊರಗಿನಿಂದ ನೇರವಾಗಿ ರಕ್ತಕ್ಕೆ ಒಂದು ದಾರಿ ತೆರೆದರೆ ರೋಗಾಣುಗಳಿಗೂ ಅದೇ ದಾರಿ. ದೊಡ್ಡವರಿಗೆ ನಂಜಾದರೆ ಜ್ವರ ಬರುತ್ತದೆ. ಇಷ್ಟು ಸಣ್ಣ ಮಗುವಿಗೆ ಜ್ವರವೇ ಬಾರದೆ ಮೈ ತಣ್ಣಗಾಗಬಹುದು. ಉಸಿರು ನಡುನಡುವೆ ನಿಲ್ಲಬಹುದು, ಬಣ್ಣ ಮಾಸಬಹುದು, ನಿನ್ನೆ ಅರಗುತ್ತಿದ್ದ ಹಾಲು ಇಂದು ಅರಗದೆ ಹೊಟ್ಟೆ ಉಬ್ಬಬಹುದು, ಕೈಕಾಲು ಆಡಿಸುತ್ತಿದ್ದ ಮಗು ಸುಮ್ಮನೆ ಮಲಗಿಬಿಡಬಹುದು. ಇವುಗಳಲ್ಲಿ ಕೆಲವನ್ನು ಯಂತ್ರಕ್ಕಿಂತ ಮೊದಲು ತಾಯಿಯ ಕಣ್ಣು ಗುರುತಿಸುವುದುಂಟು. "ಇವತ್ತು ಮಗು ನಿನ್ನೆಯಂತಿಲ್ಲ" ಎಂದು ಅನಿಸಿದ ತಾಯಿ ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬಾರದು. ಕೂಡಲೇ ನರ್ಸ್‌ಗೆ ಹೇಳಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ತೊಂದರೆಗಳಲ್ಲಿ ಹಲವು, ವಿಶೇಷವಾಗಿ ಸೋಂಕು, ನಳಿಕೆ ಒಳಗಿರುವ ದಿನಗಳು ಹೆಚ್ಚಿದಂತೆ ಹೆಚ್ಚುವ ಸಂಭವವಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2011ರ ಮಾರ್ಗಸೂಚಿಯಲ್ಲಿ ಹೊಕ್ಕುಳಿನ ಅಪಧಮನಿಯ ನಳಿಕೆಯನ್ನು 5 ದಿನಕ್ಕಿಂತ ಹೆಚ್ಚು ಇಡದಿರುವುದು ಉತ್ತಮ ಎಂದಿತ್ತು. ಅಭಿಧಮನಿಯ ನಳಿಕೆಯನ್ನು ಶುಚಿತ್ವದಿಂದ ನೋಡಿಕೊಂಡರೆ 14 ದಿನಗಳ ವರೆಗೆ ಬಳಸಬಹುದು, ಅಗತ್ಯ ಮುಗಿದ ಕೂಡಲೇ ತೆಗೆಯಬೇಕು ಎಂದಿತ್ತು. 2022ರಲ್ಲಿ ನವಜಾತ ಶಿಶುಗಳಿಗೆಂದೇ ಹೊರಡಿಸಿದ ಸಲಹೆಯಲ್ಲಿ ಅಭಿಧಮನಿಯ ನಳಿಕೆಯನ್ನು 7 ದಿನದೊಳಗೆ ತೆಗೆಯುವ ಬಗ್ಗೆ ಯೋಚಿಸಬೇಕೆಂದು ಹೇಳಿತು.

ಇದಕ್ಕೆ ಹೊಂದುವ ಇನ್ನೊಂದು ಅನುಭವವೂ ಇದೆ. ಅಮೆರಿಕದ ಮಿಶಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಐದು ಸರಳ ನಿಯಮಗಳನ್ನು ಜಾರಿಗೆ ತಂದರು. ಕೈ ತೊಳೆಯುವುದು, ನಳಿಕೆ ಹಾಕುವಾಗ ಮೈಪೂರ್ತಿ ಶುದ್ಧ ಹೊದಿಕೆ ಬಳಸುವುದು, ಚರ್ಮವನ್ನು ಸರಿಯಾದ ಔಷಧಿಯಿಂದ ಶುಚಿಗೊಳಿಸುವುದು, ಸಾಧ್ಯವಾದಷ್ಟು ತೊಡೆಸಂದಿಯ ನಾಳವನ್ನು ತಪ್ಪಿಸುವುದು, ಅಗತ್ಯವಿಲ್ಲದ ನಳಿಕೆಯನ್ನು ತೆಗೆದುಬಿಡುವುದು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದೂವರೆ ವರ್ಷದಲ್ಲಿ ನಳಿಕೆಯಿಂದಾಗುವ ರಕ್ತದ ಸೋಂಕು ಶೇಕಡಾ 66ರ ವರೆಗೆ ಇಳಿದಿತ್ತು. ಅಲ್ಲಿದ್ದವರಲ್ಲಿ ಬಹುತೇಕರು ದೊಡ್ಡ ರೋಗಿಗಳು. ಆದರೂ ಪಾಠ ಎಲ್ಲರಿಗೂ ಒಂದೇ. ಹೊಸ ಯಂತ್ರವಾಗಲಿ ದುಬಾರಿ ಔಷಧಿಯಾಗಲಿ ಅಲ್ಲಿ ಬೇಕಾಗಲಿಲ್ಲ.

ಆದ್ದರಿಂದ ಸಹೋದರಿಯರೇ, ಪ್ರತಿದಿನ ವೈದ್ಯರು ಮಗುವನ್ನು ನೋಡಲು ಬಂದಾಗ ಒಂದು ಪ್ರಶ್ನೆಯನ್ನು ಮರೆಯದೆ, ವಿನಯದಿಂದ ಕೇಳಿರಿ: "ಡಾಕ್ಟರೇ, ಈ ಲೈನ್ ಇವತ್ತೂ ಬೇಕಾ?" ಬೇಕು ಎಂದರೆ ಯಾಕೆ ಎಂದು ಅವರು ತಿಳಿಸುತ್ತಾರೆ. ಆಗ ಹಟ ಹಿಡಿಯಬಾರದು. ಅಗತ್ಯವಿರುವಾಗ ತೆಗೆಸಿ, ಮರುದಿನ ಮತ್ತೆ ಚುಚ್ಚಿಸುವುದರಲ್ಲಿ ಹೆಚ್ಚು ಅಪಾಯವಿದೆ. ಬೇಡ ಎಂದಾದರೆ ಅಂದೇ ತೆಗೆಯುತ್ತಾರೆ. ಹತ್ತಾರು ಮಕ್ಕಳನ್ನು ನೋಡುವ ಗಡಿಬಿಡಿಯಲ್ಲಿ ನಾಳೆಗೆ ಉಳಿದುಬಿಡಬಹುದಾದ ಕೆಲಸ ಈ ಒಂದು ಮಾತಿನಿಂದ ಇಂದೇ ಮುಗಿಯಬಹುದು. ಒಳ್ಳೆಯ ವೈದ್ಯರು ಇಂಥ ಪ್ರಶ್ನೆಯಿಂದ ಬೇಸರಪಡುವುದಿಲ್ಲ.

ನಳಿಕೆಯನ್ನು ಬೇಗ ಕಳಚಲು ತಾಯಿಯ ಕೈಯಲ್ಲೇ ಇರುವ ಇನ್ನೊಂದು ಉಪಾಯ ಎದೆಹಾಲು. ಮಗುವಿಗೆ ಚೀಪಲು ಬಾರದಿದ್ದರೂ ಹಾಲನ್ನು ಹಿಂಡಿ ಕೊಟ್ಟರೆ ಹೊಟ್ಟೆಯ ನಳಿಕೆಯ ಮೂಲಕ ಹನಿಹನಿಯಾಗಿ ಕೊಡುತ್ತಾರೆ. ಮಗು ಹೊಟ್ಟೆಯಿಂದಲೇ ಸಾಕಷ್ಟು ಹಾಲು ಅರಗಿಸಿಕೊಳ್ಳತೊಡಗಿದರೆ, ಅಂದರೆ ಸುಮಾರಾಗಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 100ರಿಂದ 120 ಮಿಲಿಲೀಟರ್ ಆಗುವಾಗ, ರಕ್ತನಾಳದ ಪೋಷಕ ದ್ರವದ ಅಗತ್ಯವೇ ಸಾಮಾನ್ಯವಾಗಿ ಉಳಿಯುವುದಿಲ್ಲ. "ಮಗು ಒಳಗಿದೆ, ಹಾಲು ಯಾರಿಗೆ?" ಎಂದು ಬಾಣಂತಿಯ ಹಾಲನ್ನು ಬತ್ತಲು ಬಿಡುವುದು ದೊಡ್ಡ ತಪ್ಪು. ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಲು ಆಕೆಗೆ ಸಮಯ, ಆಹಾರ, ನೆಮ್ಮದಿ ಮೂರೂ ಬೇಕು. ಅದನ್ನು ಒದಗಿಸುವುದು ಗಂಡನ, ಅತ್ತೆಯ ಮತ್ತು ತವರಿನವರ ಹೊಣೆ.

ಕೈ ತೊಳೆಯುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ದಿನಕ್ಕೆ ಐದು ಬಾರಿ ವುಝೂ ಮಾಡುವವರು ನಾವು. ಆದರೆ ಘಟಕದ ಬಾಗಿಲಲ್ಲಿ ಮೊಣಕೈವರೆಗೆ ಸೋಪಿನಿಂದ ತೊಳೆಯಿರಿ, ಬಳೆ, ಉಂಗುರ, ವಾಚು ತೆಗೆದಿಡಿ ಎಂದರೆ ಮುಖ ಗಂಟಿಕ್ಕುತ್ತೇವೆ. ಮೊಬೈಲನ್ನು ಹಿಡಿದ ಕೈಯಲ್ಲೇ ಮಗುವನ್ನು ಮುಟ್ಟುತ್ತೇವೆ. ನೆಗಡಿ, ಕೆಮ್ಮು ಇದ್ದರೂ ಮಗುವನ್ನು ನೋಡಲೇಬೇಕೆಂದು ಹಟ ಹಿಡಿಯುತ್ತೇವೆ. ಶುಚಿತ್ವ ಈಮಾನಿನ ಭಾಗವೆಂದು ಮಕ್ಕಳಿಗೆ ಕಲಿಸುವ ನಾವು ಅದನ್ನು ಮೊದಲು ತೋರಿಸಬೇಕಾದ ಜಾಗ ಇದು.

ನಮ್ಮ ಕೆಲವು ರೂಢಿಗಳ ಬಗ್ಗೆಯೂ ಹೇಳಬೇಕಾಗಿದೆ. ಹೊಕ್ಕುಳಿಗೆ ಎಣ್ಣೆ, ಬೂದಿ, ಪುಡಿ ಯಾವುದನ್ನೂ ಹಚ್ಚಬಾರದು. ನಳಿಕೆ ಇರುವಾಗಲಂತೂ ಮುಟ್ಟಲೇಬಾರದು. ಕೈಗೆ, ಸೊಂಟಕ್ಕೆ ದಾರ ಕಟ್ಟುವುದು ಬೇಡ. ಅದು ರಕ್ತ ಸಂಚಾರಕ್ಕೂ ಅಡ್ಡಿ, ಶುಚಿತ್ವಕ್ಕೂ ಅಡ್ಡಿ. ಬಾಯಿಗೆ ಜೇನು ಸವರಬೇಕೆಂದು ನರ್ಸ್‌ಗಳ ಕಣ್ಣು ತಪ್ಪಿಸಿ ಬೆರಳು ಹಾಕುವವರಿದ್ದಾರೆ. ಒಂದು ವರ್ಷದೊಳಗಿನ ಯಾವ ಮಗುವಿಗೂ ಜೇನು ಕೊಡಬಾರದು. ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ರೋಗ ಬರಬಹುದು. ಖರ್ಜೂರದ ಸಿಹಿಯನ್ನು ಬಾಯಿಗೆ ಹಚ್ಚುವ ತಹ್ನೀಕ್ ಸುನ್ನತ್ ನಿಜ, ಆದರೆ ಮಗು ಅದಕ್ಕೆ ಸಿದ್ಧವಾಗಿದೆಯೇ ಎಂದು ವೈದ್ಯರು ಹೇಳುವ ತನಕ ಕಾಯಬೇಕು. ಏಳನೇ ದಿನದ ಅಕೀಕಕ್ಕೂ ತಲೆಗೂದಲು ತೆಗೆಯುವುದಕ್ಕೂ ಅವಸರ ಬೇಡ. ಮಗು ಮನೆಗೆ ಬಂದ ಬಳಿಕ ಮಾಡಿದರೂ ಆಗುತ್ತದೆಂದು ವಿದ್ವಾಂಸರು ಹೇಳಿದ್ದಾರೆ. ಕೈ ತೊಳೆದು ಬಂದ ತಂದೆ ಮಗುವಿನ ಕಿವಿಯ ಬಳಿ ಮೆಲುದನಿಯಲ್ಲಿ ಅಝಾನ್ ಹೇಳಲು ಯಾವ ನಳಿಕೆಯೂ ಅಡ್ಡಿಯಾಗದು.

ಸಹಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಆಗುವ ಅನ್ಯಾಯ ಇನ್ನೊಂದಿದೆ. ತಂದೆ ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾನೆ. ತಾಯಿ ಬಾಣಂತಿಯರ ವಾರ್ಡಿನಲ್ಲಿ ಮಲಗಿರುತ್ತಾಳೆ. ಕಾಗದಕ್ಕೆ ಸಹಿ ಹಾಕುವವರು ಚಿಕ್ಕಪ್ಪನೋ ಮಾವನೋ. ಫೋನಿನಲ್ಲಿ ತಂದೆಗೆ ಎಲ್ಲವನ್ನೂ ವಿವರಿಸುತ್ತಾರೆ, ಎರಡು ಕೋಣೆ ಆಚೆ ಇರುವ ತಾಯಿಗೆ ಮಾತ್ರ "ಎಲ್ಲ ಸರಿ ಇದೆ, ನೀನು ಮಲಗು" ಎನ್ನುತ್ತಾರೆ. ಆಕೆಯನ್ನು ದುಃಖದಿಂದ ಕಾಪಾಡುವುದು ಅವರ ಉದ್ದೇಶ ಇರಬಹುದು. ಆದರೆ ತಿಳಿಯದ ತಾಯಿಯ ಊಹೆಗಳು ತಿಳಿದ ಸತ್ಯಕ್ಕಿಂತ ಭೀಕರವಾಗಿರುತ್ತವೆ. ಒಂಬತ್ತು ತಿಂಗಳ ದಾರಿಯಲ್ಲಿ ಏಳು ತಿಂಗಳು ಹೊತ್ತವಳಿಗೆ ಹೇಳದೆ ಆ ಮಗುವಿನ ಹೃದಯದ ಬಳಿಗೆ ನಳಿಕೆ ಕಳಿಸಲು ಒಪ್ಪಿಗೆ ಕೊಡುವುದು ನ್ಯಾಯವೇ? ತುರ್ತು ಇದ್ದರೆ ವೈದ್ಯರು ಕಾಯಲಾರರು, ಅದು ಬೇರೆ ಮಾತು. ಉಳಿದಂತೆ ತಾಯಿಯ ಎದುರೇ, ಆಕೆಗೆ ಅರ್ಥವಾಗುವ ಕನ್ನಡದಲ್ಲೋ ಉರ್ದುವಿನಲ್ಲೋ ಬ್ಯಾರಿಯಲ್ಲೋ, ಇದು ಯಾವ ನಳಿಕೆ, ಯಾಕೆ, ತುದಿ ಸರಿಯಾದ ಜಾಗದಲ್ಲಿದೆಯೇ, ಏನು ಕಂಡರೆ ತಿಳಿಸಬೇಕು, ಎಷ್ಟು ದಿನ ಇರಬಹುದು ಎಂಬುದನ್ನು ಕೇಳಿ ತಿಳಿಯಬೇಕು. ಹಣವಿಲ್ಲವೆಂದು ಬರೆದುಕೊಟ್ಟು ಮಗುವನ್ನು ಮನೆಗೆ ಒಯ್ಯುವ ಯೋಚನೆಯೂ ಬೇಡ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ ಉಚಿತ.

ಎಷ್ಟೇ ಎಚ್ಚರ ವಹಿಸಿದರೂ ಕೆಲವೊಮ್ಮೆ ತೊಂದರೆ ಆಗಿಬಿಡುತ್ತದೆ. ಎಲ್ಲ ತೊಂದರೆಯೂ ವೈದ್ಯರ ತಪ್ಪಲ್ಲ. ಕೈಯೆತ್ತುವುದು, ಗಾಜು ಒಡೆಯುವುದು ಮುಸ್ಲಿಮನ ನಡತೆಯೂ ಅಲ್ಲ. ಹಾಗೆಂದು ಬಾಯಿ ಮುಚ್ಚಿ ಕುಳಿತುಕೊಳ್ಳಬೇಕಾಗಿಯೂ ಇಲ್ಲ. ಏನಾಯಿತು, ಯಾವಾಗ ತಿಳಿಯಿತು, ಏನು ಮಾಡಿದಿರಿ ಎಂದು ಕೇಳುವ ಹಕ್ಕು ಹೆತ್ತವರಿಗಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆಗಳನ್ನು ಕೊಡಬೇಕು. ಇನ್ನು "ಬಸುರಿಯಾಗಿದ್ದಾಗ ಪ್ರಯಾಣ ಮಾಡಿದಳು, ಅದಕ್ಕೇ ಹೀಗಾಯಿತು" ಎಂದು ತಾಯಿಯನ್ನು ಚುಚ್ಚುವ ಮಾತಿದೆಯಲ್ಲ, ಅದು ಯಾವ ಸೂಜಿಗಿಂತಲೂ ಹರಿತ. ಅದನ್ನು ಯಾರೂ ಆಡಬಾರದು, ಆಡಿದವರನ್ನು ಉಳಿದವರು ತಡೆಯಬೇಕು.

ಮದ್ರಸದಲ್ಲಿ ಪಾಠ ಹೇಳುವ ನನ್ನಂಥವರ ಬಳಿಗೆ ಜನ ದುಆ ಮಾಡಿಸಲು ಬರುತ್ತಾರೆ. "ಉಸ್ತಾದ್, ಎಲ್ಲ ಅಲ್ಲಾಹನ ವಿಧಿ ಅಲ್ಲವೇ, ಹೆಚ್ಚು ಪ್ರಶ್ನೆ ಕೇಳುವುದು ಸರಿಯೇ?" ಎಂದು ಕೇಳುವವರೂ ಇದ್ದಾರೆ. ಒಂಟೆಯನ್ನು ಕಟ್ಟಿಹಾಕಿದ ಬಳಿಕ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬುದು ಪ್ರವಾದಿ(ಸ)ರ ಬೋಧನೆ. ಕಾಯಿಲೆಗೆ ಚಿಕಿತ್ಸೆ ಪಡೆಯಬೇಕೆಂದೂ ಅವರು ಕಲಿಸಿದ್ದಾರೆ. ಮಗು ನಮ್ಮ ಕೈಯಲ್ಲಿರುವ ಅಮಾನತು. ಅಮಾನತಿನ ಬಗ್ಗೆ ವಿಚಾರಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ. ವಿಚಾರಿಸದೆ ಬಿಡುವುದಕ್ಕೆ ವಿಧಿಯನ್ನು ನೆಪ ಮಾಡಿಕೊಳ್ಳಬಾರದು.

ಕೊನೆಯದಾಗಿ, ಮಗು ಗುಣವಾಗಿ ಮನೆಗೆ ಬಂದಾಗ ಅನೇಕರು ಮರೆಯುವ ಒಂದು ಮಾತು. ಹೊಕ್ಕುಳಿನ ಅಭಿಧಮನಿಗೆ ನಳಿಕೆ ಹಾಕಿದ್ದ ಕೆಲವು ಮಕ್ಕಳಲ್ಲಿ ಯಕೃತ್ತಿಗೆ ಹೋಗುವ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಉಳಿಯುವುದುಂಟು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಗುಲ್ಮ ಊದಿಕೊಳ್ಳಬಹುದು, ರಕ್ತ ವಾಂತಿಯಾಗಬಹುದು. ಆಗ ಹೊಸ ವೈದ್ಯರಿಗೆ "ಹುಟ್ಟಿದಾಗ ಹೊಕ್ಕುಳಿಗೆ ಲೈನ್ ಹಾಕಿದ್ದರು" ಎಂಬ ಒಂದು ಮಾತು ದಾರಿ ತೋರಿಸುತ್ತದೆ. ಆಸ್ಪತ್ರೆಯಿಂದ ಬರುವಾಗ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ಇದು ಬರೆದಿದೆಯೇ ಎಂದು ನೋಡಿಕೊಳ್ಳಿ, ಬರೆಯದಿದ್ದರೆ ಬರೆಸಿಕೊಳ್ಳಿ. ಮಗುವಿನ ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡು ಇಟ್ಟ ಕಡೆಯಲ್ಲೇ ಅದನ್ನೂ ಜೋಪಾನವಾಗಿಡಿ.

ಗಾಜಿನ ಪೆಟ್ಟಿಗೆಯ ಎದುರು ನಿಂತಿರುವ ಎಲ್ಲ ತಾಯಂದಿರಿಗೆ ಅಲ್ಲಾಹನು ಸಹನೆಯನ್ನೂ ಕೇಳುವ ಧೈರ್ಯವನ್ನೂ ಕರುಣಿಸಲಿ, ಅವರ ಮಕ್ಕಳನ್ನು ಅವರ ಮಡಿಲಿಗೆ ಮರಳಿಸಲಿ. ಆಮೀನ್.